ಹಬೆಯ ಮೇಲಿನ ಫೋನು

ಐನೂರ ನಲವತ್ತೊಂದು ಎಂದು ಒತ್ತಿದ ಮೇಲೂ ವಿಮಲಮ್ಮ ಬೆರಳನ್ನು ಪರದೆಯಿಂದ ದೂರ ತೆಗೆಯಲಿಲ್ಲ. ಪರದೆಯ ನಡುವೆ ಸಣ್ಣ ಚಕ್ರವೊಂದು ತಿರುಗುತ್ತಿತ್ತು. ಅವಳು ಉಸಿರು ಬಿಗಿಹಿಡಿದು ನೋಡಿದಳು. ಚಕ್ರ ನಿಂತಿತು, ಮತ್ತೆ ತಿರುಗಿತು, ಕೊನೆಗೆ ಮಾಯವಾಗಿ ಆ ಜಾಗದಲ್ಲಿ ‘ಸುತ್ತು ಮುಗಿದಿದೆ’ ಎಂಬ ಸಾಲು ಕಾಣಿಸಿತು. ಎಂಬತ್ತೇಳನೇ ಲಾಟಿನ ರೇಷ್ಮೆಗೂಡು ಐನೂರ ನಲವತ್ತಕ್ಕೆ ಬೇರೆ ಯಾರಿಗೋ ಹೋಗಿತ್ತು.

ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ಈಗ ಯಾರೂ ಬಾಯಿಬಿಟ್ಟು ಹರಾಜು ಕೂಗುವುದಿಲ್ಲ. ಆದರೂ ಎಲ್ಲರೂ ಅದನ್ನು ಕೂಗುವುದು ಎಂದೇ ಹೇಳುತ್ತಾರೆ. ರೈತರು ಜಾಲರಿಗಳಲ್ಲಿ ರೇಷ್ಮೆಗೂಡು ಸುರಿದು ಪಕ್ಕದಲ್ಲಿ ನಿಲ್ಲುತ್ತಾರೆ. ಗೂಡು ಬೇಯಿಸಿ ನೂಲು ಬಿಚ್ಚುವ ರೀಲರುಗಳು ಕೈಯಾಡಿಸಿ ನೋಡುತ್ತಾರೆ, ಫೋನಿನಲ್ಲಿ ಲಾಟಿನ ನಂಬರು ಹಾಕಿ ಕೆಜಿಗೆ ಇಷ್ಟು ಎಂದು ಒತ್ತುತ್ತಾರೆ. ಹೆಚ್ಚು ಒತ್ತಿದವರಿಗೆ ಗೂಡು. ರೈತನಿಗೆ ದರ ಹಿಡಿಸದಿದ್ದರೆ ಅವನು ಒಲ್ಲೆ ಎನ್ನಬಹುದು, ಆಗ ಅದೇ ಲಾಟು ಎರಡನೇ ಸುತ್ತಿಗೆ ಬರುತ್ತದೆ. ಸುತ್ತಿನ ಮೊದಲ ಮುಕ್ಕಾಲು ಭಾಗ ಎಲ್ಲರೂ ಸುಮ್ಮನೆ ಅಡ್ಡಾಡುತ್ತಾರೆ. ನಿಜವಾದ ಹರಾಜು ನಡೆಯುವುದು ಕೊನೆಯ ಒಂದು ನಿಮಿಷದಲ್ಲಿ. ಆ ಒಂದು ನಿಮಿಷದಲ್ಲಿ ವಿಮಲಮ್ಮನ ಫೋನು ಕಲ್ಲಾಗುತ್ತಿತ್ತು.

ಎರಡು ಜಾಲರಿ ಆಚೆಯಿಂದ ಮೈದುನ ರುದ್ರಪ್ರಸಾದ್ ನೋಡುತ್ತಲೇ ಇದ್ದ.

“ಅತ್ತಿಗೆ, ಅದು ಫೋನಲ್ಲ ಕಣತ್ತಿಗೆ, ಒರಳುಕಲ್ಲು. ಮನೇಲಿ ಮಡಿಕ್ಕಳಿ, ಚಟ್ನಿಗಾಯ್ತದೆ.”

ಸುತ್ತ ನಿಂತಿದ್ದ ನಾಲ್ಕೈದು ರೀಲರುಗಳು ನಕ್ಕರು. ವಿಮಲಮ್ಮನೂ ನಕ್ಕಳು. ನಗದಿದ್ದರೆ ಇನ್ನೊಂದು ಮಾತು ಬರುತ್ತದೆಂದು ಅವಳಿಗೆ ಗೊತ್ತಿತ್ತು. ಬಂದೇ ಬಂತು.

“ಇಲ್ನೋಡಿ,” ಎಂದು ರುದ್ರ ತನ್ನ ಹೊಸ ಫೋನಿನ ಮೇಲೆ ಹೆಬ್ಬೆರಳಾಡಿಸಿದ. ಲಾಟಿನ ಪಟ್ಟಿ ಸರ್ರನೆ ಜಾರಿತು. “ನೂರಿಪ್ಪತ್ತು ಹರ್ಟ್ಸು. ಎಣ್ಣೆ ಸುರಿದಂಗೈತೆ. ನಿಮ್ದು ಅರವತ್ತರದು. ನಾನು ಎರಡು ಸಲ ನೋಡೋ ಹೊತ್ಗೆ ನೀವು ಒಂದ್ಸಲ ನೋಡ್ತೀರಿ. ಅದಕ್ಕೇ ಹೇಳಿದ್ದು, ಹರಾಜಿನ ಪಿನ್ ನಂಬರು ನಂಗೆ ಕೊಟ್ಬುಡಿ. ನಿಮ್ಮೆಸ್ರಲ್ಲಿ ನಾನೇ ಕೂಗ್ತೀನಿ. ನೀವು ಆರಾಮಾಗಿ ಒಲೆ ತಾವ ಕೂತ್ಕಳಿ.”

ಪಿನ್ ಅವನ ಕೈಗೆ ಹೋದರೆ ಏನಾಗುತ್ತದೆಂದು ಅವಳು ಒಮ್ಮೆ ನೋಡಿದ್ದಳು. ಹೋದ ವರ್ಷ ಅವಳು ಜ್ವರದಲ್ಲಿ ಮಲಗಿದ್ದ ಎರಡು ವಾರ ಎರಡೂ ಮನೆಗೂ ರುದ್ರನೇ ಕೂಗಿದ್ದ. ಗಟ್ಟಿ ಗೂಡೆಲ್ಲ ಪಕ್ಕದ ಬೀದಿಯ ಅವನ ನೂಲಿನ ಘಟಕಕ್ಕೆ ಹೋಯಿತು, ಮೆತ್ತಗಿನದೆಲ್ಲ ಇವಳ ಘಟಕಕ್ಕೆ ಬಂತು. ಕಳ್ಳತನ ಎನ್ನುವಂತಿರಲಿಲ್ಲ. ಯಾವ ಲಾಟು ಯಾರಿಗೆ ಎಂಬುದು ಕೂಗುವವನ ಇಷ್ಟ. ಆದರೆ ಆ ಹದಿನೈದು ದಿನ ಎಳೆ ತುಂಡಾಗಿ ತುಂಡಾಗಿ ಅವಳ ಘಟಕದ ನಾಲ್ಕು ಕೆಲಸದ ಹೆಂಗಸರ ಕೈ ಸೋತಿತ್ತು. ಹದಿನಾಲ್ಕು ವರ್ಷದಿಂದ ಅವಳ ನೂಲನ್ನು ಕಣ್ಣುಮುಚ್ಚಿ ಕೊಳ್ಳುತ್ತಿದ್ದ ವ್ಯಾಪಾರಿ ಅಂದಿನಿಂದ ನೂಲು ಸುತ್ತಿದ ಪ್ರತಿ ಲಡಿಯನ್ನೂ ಬಿಡಿಸಿ ನೋಡತೊಡಗಿದ್ದ. ಇನ್ನೊಮ್ಮೆ ಪಿನ್ ಕೊಟ್ಟರೆ ಲೈಸೆನ್ಸಿನಲ್ಲಿ ತನ್ನ ಹೆಸರಿರುತ್ತದೆ, ಗೂಡು ಮಾತ್ರ ಅವನು ಎಸೆದದ್ದು ಬರುತ್ತದೆ. ಇದು ಅವಳಿಗೆ ಸ್ಪಷ್ಟವಾಗಿತ್ತು. ಸ್ಪಷ್ಟವಿಲ್ಲದ್ದು ಒಂದೇ. ತಪ್ಪು ಫೋನಿನದೋ, ಅಥವಾ ಅವರೆಲ್ಲ ಅಂದುಕೊಂಡ ಹಾಗೆ ತನ್ನ ಕೈಯದೋ?

ಮಧ್ಯಾಹ್ನ ಮನೆಯ ಜಗಲಿಯಲ್ಲಿ ರುದ್ರ ಕಾಫಿ ಕುಡಿಯುತ್ತ ಕೂತಿದ್ದಾಗ ಗಂಡ ಚನ್ನಲಿಂಗಪ್ಪ ಮಾತು ತೆಗೆದ. ಮೆತ್ತನೆಯ ಮನುಷ್ಯ. ಜನಜಂಗುಳಿ ಕಂಡರೆ ಆಗದೆ ಒಲೆ, ಬಾಯ್ಲರು, ನೀರಿನ ಕೆಲಸ ತಾನಿಟ್ಟುಕೊಂಡು ಮಾರುಕಟ್ಟೆಯನ್ನು ಹೆಂಡತಿಗೆ ಬಿಟ್ಟಿದ್ದ.

“ಮೂರು ವಾರದಿಂದ ನೋಡ್ತಾ ಇವ್ನಿ ವಿಮಲಾ. ಸೋಮವಾರ ಬುಟ್ರೆ ಮಿಕ್ಕ ದಿನ ಗೂಡೇ ಸಿಕ್ತಿಲ್ಲ. ನೂಲು ತೆಗೆಯೋ ಬೇಸಿನ್ನು ಒಣಗ್ತಾವೆ. ನಾಳೆ ಒಂದಿನ ನೋಡು. ನಾಳೆನೂ ಬರಿಗೈಲಿ ಬಂದ್ರೆ ರುದ್ರನೇ ಕೂಗ್ಲಿ.”

“ಆಯ್ತು,” ಎಂದಳು ವಿಮಲಮ್ಮ. ರುದ್ರ ಲೋಟ ಕೆಳಗಿಟ್ಟು, “ನಾನೂ ಕೇಳಿಸ್ಕಂಡೆ ಅತ್ತಿಗೆ,” ಎಂದ.

ಸಂಜೆ ಐದಕ್ಕೆ ಅವಳು ಹಳೇ ಬಸ್ ಸ್ಟ್ಯಾಂಡಿನ ಹಿಂದಿನ ಖಾಸಿಂನ ಅಂಗಡಿಗೆ ಹೋದಳು. ಒಬ್ಬರು ನಿಂತರೆ ಇನ್ನೊಬ್ಬರು ಹೊರಗಿರಬೇಕಾದಷ್ಟು ಸಣ್ಣ ಮೊಬೈಲ್ ರಿಪೇರಿ ಅಂಗಡಿ. ಖಾಸಿಂ ಫೋನು ತೆಗೆದುಕೊಂಡು ಎರಡು ಬೆರಳಿನಿಂದ ಮೂಗಿನ ಹತ್ತಿರ ತಂದ.

“ಹುಳದ ವಾಸನೆ ಬರ್ತದಲ್ಲಮ್ಮಾ.”

“ರೇಷ್ಮೆ ಮನೆ ಫೋನು ಮತ್ತೆ. ಮಲ್ಲಿಗೆ ವಾಸನೆ ಬಂದಾತಾ? ನೋಡಪ್ಪ, ಇದನ್ನ ನೂರಿಪ್ಪತ್ತು ಮಾಡಕಾಯ್ತದಾ?”

“ಆಗ್ತದೆ. ಈ ಫೋನಲ್ಲೂ ಅದು ಐತೆ. ಅರವತ್ತಕ್ಕೆ ಇಟ್ಟವರೆ, ಅಷ್ಟೆ.” ಅವನು ಸೆಟ್ಟಿಂಗ್ಸ್ ತೆರೆದು ತೋರಿಸಿದ. “ಪರದೆ ಸೆಕೆಂಡಿಗೆ ಎಷ್ಟು ಸಲ ಹೊಸದಾಗಿ ಚಿತ್ರ ಬರೀತದೆ ಅನ್ನೋದೇ ರಿಫ್ರೆಶ್ ರೇಟು. ಅರವತ್ತು ಅಂದ್ರೆ ಅರವತ್ತು ಸಲ. ನೂರಿಪ್ಪತ್ತು ಮಾಡಿದ್ರೆ ಕಣ್ಣಿಗೆ ನುಣ್ಣಗೆ ಕಾಣ್ತದೆ.”

“ಕೂಗಿದ್ದು ಬೇಗ ಹೋಯ್ತದಾ?”

“ಬಸ್ಸಿನ ಗಾಜು ಒರೆಸಿದ್ರೆ ಬಸ್ಸು ಬೇಗ ಮಾಗಡಿ ಸೇರ್ತದಾ ಅಮ್ಮಾ? ಗಾಜು ಬೇರೆ, ಇಂಜಿನ್ನು ಬೇರೆ.”

ವಿಮಲಮ್ಮ ಅವನನ್ನೇ ನೋಡಿದಳು. “ನಮ್ ಮೈದ ಅಂತಾನೆ, ನೂರಿಪ್ಪತ್ತಿದ್ರೆ ಎರಡರಷ್ಟು ಬೇಗ ಅಂತ.”

“ಅವರಿಗೆ ಮಾರಿದೋನು ಅಂಗಂದಿರ್ತಾನೆ ಬುಡಿ. ಇಂಜಿನ್ನು ಅಂದ್ರೆ ಪ್ರೊಸೆಸರು. ಅಯ್ಯೋ, ನೀವು ಬ್ಯಾಟರಿ ಉಳಿಸೋದು ಹಾಕ್ಬುಟ್ಟಿದೀರ. ಎಷ್ಟು ದಿನದಿಂದ?”

“ತಗಂಡಾಗ್ಲಿಂದ. ಕರೆಂಟು ಇರಲ್ವಲ್ಲ, ಚಾರ್ಜು ಉಳೀಲಿ ಅಂತ.”

“ಅದು ಪ್ರೊಸೆಸರ್ ಕತ್ತು ಹಿಡೀತದೆ. ತೆಗೀತೀನಿ. ಇಲ್ಲೊಂದೈತೆ, ವೇಗ ಜಾಸ್ತಿ ಮಾಡೋದು, ಅದನ್ನೂ ಹಾಕ್ತೀನಿ. ನೂರಿಪ್ಪತ್ತೂ ಇರ್ಲಿ, ನಿಮ್ಮ ಸಮಾಧಾನಕ್ಕೆ.”

ಅವನ ಮೇಜಿನ ಮೇಲೆ ಫೋನು ಹೊಸದರ ಹಾಗೆ ಓಡಿತು. ಹರಾಜಿನ ಪುಟ ತೆರೆಯಿತು, ಮುಚ್ಚಿತು, ಮತ್ತೆ ತೆರೆಯಿತು. ಬೆರಳು ತಾಕುವುದಕ್ಕೂ ಅಂಕಿ ಮೂಡುವುದಕ್ಕೂ ನಡುವೆ ಏನೂ ಇರಲಿಲ್ಲ. ಅವಳು ಬರುವ ದಾರಿಯಲ್ಲಿ ಮೂರು ಸಲ ನಿಂತು ಸುಮ್ಮನೆ ಪಟ್ಟಿ ಜಾರಿಸಿ ನೋಡಿದಳು.

ವಿಮಲಮ್ಮನಿಗೆ ಒಂದು ಅಭ್ಯಾಸವಿತ್ತು. ಮದುವೆಯಾದ ಮೇಲೆ ಸಂಜೆ ಶಾಲೆಗೆ ಹೋಗಿ ಹತ್ತನೇ ತರಗತಿ ಮುಗಿಸಿದವಳು ಅವಳು. ತಪ್ಪಿದ್ದನ್ನೆಲ್ಲ ಬರೆದಿಟ್ಟುಕೊಳ್ಳುವ ಗುಣ ಅಲ್ಲಿಂದ ಬಂದದ್ದು. ಯಾವ ದಿನ ಯಾವ ಲಾಟಿಗೆ ಎಷ್ಟು ಒತ್ತಿದೆ, ಫೋನು ತಕ್ಷಣ ತೆಗೆದುಕೊಂಡಿತೋ ನಿಧಾನ ಮಾಡಿತೋ ಎಂದು ಮೂರು ವಾರದಿಂದ ಒಂದು ಪುಸ್ತಕದಲ್ಲಿ ಗುರುತು ಹಾಕುತ್ತಿದ್ದಳು. ಅದನ್ನು ಓದಿದರೆ ತನ್ನ ದಡ್ಡತನವೇ ಕಾಣುತ್ತದೆಂದು ಹೆದರಿ ಇದುವರೆಗೆ ತೆರೆದು ನೋಡಿರಲಿಲ್ಲ.

ಗುರುವಾರ ಬೆಳಿಗ್ಗೆ ಐದಕ್ಕೆ ಚನ್ನಲಿಂಗಪ್ಪ ಒಲೆ ಹಚ್ಚಿದ. ಸೋಮವಾರದ ಗೂಡಿನಲ್ಲಿ ಉಳಿದದ್ದು ಎರಡು ಬುಟ್ಟಿ. ಗೂಡು ಬೇಯಿಸುವ ಹಂಡೆಯಿಂದ ಹಬೆ ಎದ್ದು ತಗಡಿನ ಮಾಡಿಗೆ ತಾಕಿ ಹನಿಯಾಗಿ ಬೀಳತೊಡಗಿತು. ನಾಲ್ಕು ಹೆಂಗಸರು ಬೇಸಿನ್ನಿನ ಬಿಸಿನೀರಿಗೆ ಕೈಯದ್ದಿ ಎಳೆ ಹುಡುಕಿ ಎತ್ತಿದರು. ಹಂಡೆಯ ಮೇಲಿನ ಹಲಗೆಯಲ್ಲಿ ಎಂದಿನಂತೆ ವಿಮಲಮ್ಮನ ಫೋನು ಹಾಡುತ್ತಿತ್ತು. ಹಬೆ ತಾಕದಿರಲಿ, ಹುಳದ ಜಿಡ್ಡು ಅಂಟದಿರಲಿ ಎಂದು ಮೂರು ವಾರದಿಂದ ರಬ್ಬರಿನ ಕವಚದ ಮೇಲೆ ಎರಡು ಸುತ್ತು ಪ್ಲಾಸ್ಟಿಕ್ ಕವರು ಹಾಕಿ ದಾರ ಕಟ್ಟುತ್ತಿದ್ದಳು. ಊರಿನ ಅರ್ಧ ನೂಲಿನ ಮನೆಗಳಲ್ಲಿ ಫೋನು ಇರುವುದೇ ಹೀಗೆ.

ಆರು ಗಂಟೆಗೆ ತೆಗೆದು ನೋಡಿದಾಗ ಚೆನ್ನಾಗಿ ಓಡಿತು. ಒಂಬತ್ತಕ್ಕೆ ಇನ್ನೊಮ್ಮೆ ತೆಗೆದಳು. ಹರಾಜಿನ ಪುಟ ತೆರೆಯಲು ಒತ್ತಿದಳು. ಚಕ್ರ ತಿರುಗಿತು. ತಿರುಗುತ್ತಲೇ ಇತ್ತು. ಪರದೆ ಮಂಕಾಗಿತ್ತು, ಪಟ್ಟಿ ಎಳೆದರೆ ತುಂಡು ತುಂಡಾಗಿ ಹಾರುತ್ತಿತ್ತು. ನಿನ್ನೆಗಿಂತಲೂ ಕಡೆ.

ಅವಳು ಕೆಲಸದ ಹೆಂಗಸರಲ್ಲಿ ಹಿರಿಯಳಾದ ಕೆಂಚಮ್ಮನ ಬಟನ್ ಫೋನು ಇಸಕೊಂಡು ಖಾಸಿಂಗೆ ಕರೆ ಮಾಡಿದಳು.

“ಬಿಸಿ ಐತಾ ಅಮ್ಮಾ?” ಎಂದ ಅವನು.

“ದೋಸೆ ಹುಯ್ಯಬೋದು.”

“ಅದಕ್ಕೆ ಮತ್ತೆ. ಬಿಸಿ ಮೀರಿದ್ರೆ ಸುಟ್ಟೋಗ್ಬಾರ್ದು ಅಂತ ಫೋನೇ ತನ್ನ ವೇಗ ಇಳಿಸ್ಕೊಳ್ತದೆ. ನಾನು ಎಷ್ಟು ಏರಿಸಿಟ್ರೂ ಅದು ಕೇಳಲ್ಲ. ಏರಿಸಿದಷ್ಟೂ ಇನ್ನೂ ಬಿಸಿ ಬೇರೆ. ಬಿಸಿಲಲ್ಲಿ ಇಟ್ಟಿದ್ರಾ?”

ವಿಮಲಮ್ಮ ಹಂಡೆಯನ್ನು ನೋಡಿದಳು. ಹಲಗೆಯನ್ನು ನೋಡಿದಳು. ಬಟನ್ ಫೋನನ್ನು ಕೆಂಚಮ್ಮನಿಗೆ ಕೊಟ್ಟು ಒಳಗೆ ಹೋಗಿ ಪುಸ್ತಕ ತಂದಳು.

ಮಂಗಳವಾರ, ನಿಧಾನ. ಬುಧವಾರ, ನಿಧಾನ. ಗುರುವಾರದಿಂದ ಭಾನುವಾರದವರೆಗೂ, ನಿಧಾನ. ಸೋಮವಾರ, ತಕ್ಷಣ. ಮುಂದಿನ ವಾರವೂ ಹಾಗೆಯೇ. ಅದರ ಮುಂದಿನ ವಾರವೂ. ಸೋಮವಾರ ಶಿವನ ದಿನವೆಂದು ಈ ಮನೆಯಲ್ಲಿ ಅಜ್ಜನ ಕಾಲದಿಂದ ಒಲೆ ಹಚ್ಚುವುದಿಲ್ಲ, ಹುಳ ಬೇಯಿಸುವುದಿಲ್ಲ. ಮಾರುಕಟ್ಟೆಗೆ ಮಾತ್ರ ಹೋಗುತ್ತಾರೆ. ಸೋಮವಾರ ತಪ್ಪದೆ ಗೂಡು ಸಿಗುವುದನ್ನು ಕಂಡು ಚನ್ನಲಿಂಗಪ್ಪ ಶಿವನಿಗೆ ಎರಡು ಊದಿನಕಡ್ಡಿ ಹೆಚ್ಚು ಹಚ್ಚುತ್ತಿದ್ದ. ಅವಳೂ ಕೈ ಮುಗಿದಿದ್ದಳು. ಮೂರು ವಾರ ಗಂಡ ಹೆಂಡತಿ ಇಬ್ಬರೂ ಕೂಡಿ ತಣ್ಣಗಿದ್ದ ಫೋನಿಗೆ ಮಂಗಳಾರತಿ ಎತ್ತಿದ್ದರು.

ನಗು ಬಂತು. ಹಿಂದೆಯೇ ಸಿಟ್ಟು ಬಂತು, ಮೊದಲು ತನ್ನ ಮೇಲೆ. ಪುಸ್ತಕ ಮೂರು ವಾರ ಕೈಯಲ್ಲೇ ಇತ್ತು. ಆಮೇಲೆ, ನಿಧಾನಕ್ಕೆ, ಆ ನಕ್ಕವರ ಮೇಲೆ. ತನ್ನ ಕೈ ನಿಧಾನವಾಗಿರಲಿಲ್ಲ. ಒಂದು ದಿನವೂ ಆಗಿರಲಿಲ್ಲ.

ಅವಳು ದಾರ ಬಿಚ್ಚಿದಳು. ಪ್ಲಾಸ್ಟಿಕ್ ಕಿತ್ತಳು, ರಬ್ಬರಿನ ಕವಚ ಸುಲಿದಳು. ಹಾಡು ನಿಲ್ಲಿಸಿದಳು.

“ಯಾಕಕ್ಕ, ಆಡು ನಿಲ್ಸಿದ್ರಿ?” ಎಂದಳು ಕೆಂಚಮ್ಮ. “ಆಡಿಲ್ದೆ ಕೈ ಓಡಕಿಲ್ಲ.”

“ನೀನೇ ಆಡ್ಕಳೇ ಇವತ್ತು.”

“ನಾನಾಡುದ್ರೆ ಹುಳ ಬೇಯೋಕೆ ಮುಂಚೆನೇ ಸಾಯ್ತವೆ.”

ವಿಮಲಮ್ಮ ಫೋನನ್ನು ನಡುಮನೆಯ ಕಪ್ಪು ಕಲ್ಲಿನ ನೆಲದ ಮೇಲೆ ಮಲಗಿಸಿ ಫ್ಯಾನು ಹಾಕಿದಳು. ಫ್ರಿಜ್ಜಿನಲ್ಲಿ ಇಡಬೇಡಿ, ಒಳಗೆ ನೀರು ಕಟ್ಟುತ್ತದೆ ಎಂದು ಖಾಸಿಂ ಆ ಕರೆಯಲ್ಲೇ ಹೇಳಿದ್ದ. ತಣ್ಣಗಾದ ಮೇಲೆ ಅವನು ತೋರಿಸಿಕೊಟ್ಟ ಜಾಗಕ್ಕೆ ತಾನೇ ಹೋದಳು. ನೂರಿಪ್ಪತ್ತನ್ನು ಮತ್ತೆ ಅರವತ್ತು ಮಾಡಿದಳು. ನುಣ್ಣಗೆ ಕಾಣುವುದರಿಂದ ತನಗೇನೂ ಆಗಬೇಕಿರಲಿಲ್ಲ. ಪ್ರೊಸೆಸರಿನ ವೇಗ ಹೆಚ್ಚಿಸಿದ್ದನ್ನೂ ತೆಗೆದು ಮಾಮೂಲಿಗೆ ಇಟ್ಟಳು. ಬ್ಯಾಟರಿ ಉಳಿಸುವುದನ್ನು ಮಾತ್ರ ಮತ್ತೆ ಹಾಕಲಿಲ್ಲ. ಒಂದೊಂದನ್ನೂ ಎರಡೆರಡು ಸಲ ನೋಡಿದಳು. ಸರಿ ಮಾಡಿದೆನೋ ಕೆಡಿಸಿದೆನೋ ಎಂಬ ಅನುಮಾನ ಹೋಗಲಿಲ್ಲ, ಆದರೂ ಫೋನನ್ನು ಬಟ್ಟೆಯ ಚೀಲಕ್ಕೆ ಹಾಕಿಕೊಂಡು ಹೊರಟಳು. ಗೂಡು ಸಿಕ್ಕರೆ ಸಾಗಿಸಲು ಚನ್ನಲಿಂಗಪ್ಪ ಗೂಡ್ಸ್ ಆಟೋ ಕರೆದುಕೊಂಡು ಹಿಂದೆ ಬರುವುದೆಂದು ಮಾತಾಯಿತು.

ಮಾರುಕಟ್ಟೆಯಲ್ಲಿ ನೂರ ಹನ್ನೆರಡನೇ ಲಾಟಿನ ಸುತ್ತ ಜನವಿತ್ತು. ಕೈಲಾಂಚದ ಕಡೆಯ ರಾಮಲಿಂಗಯ್ಯ ಎಂಬ ರೈತನ ಗೂಡು, ಅರಿಸಿನದ ಬಣ್ಣ, ನೋಡಲು ಒಂದೇ ಅಳತೆ. ವಿಮಲಮ್ಮ ಒಂದು ಹಿಡಿ ಎತ್ತಿ ಒಂದೊಂದನ್ನೇ ಕಿವಿಯ ಹತ್ತಿರ ಅಲುಗಾಡಿಸಿದಳು. ಒಣಗಿದ ಹುಳ ಕಾಳಿನ ಹಾಗೆ ಟಕ ಟಕ ಅನ್ನಬೇಕು. ಕೆಲವು ಅಂದವು, ಕೆಲವು ಅನ್ನಲಿಲ್ಲ. ಒಂದನ್ನು ಉಗುರಿನಿಂದ ಸೀಳಿದಳು. ಒಳಗಿನ ಹುಳ ಇನ್ನೂ ಹಸಿಯಾಗಿತ್ತು. ಒಂದು ದಿನ ಮೊದಲೇ ಬಿಡಿಸಿದ್ದಾರೆ. ತೂಕ ಬರುತ್ತದೆ, ನೂಲು ಬರುವುದಿಲ್ಲ. ಐನೂರ ಮೂವತ್ತೆಂಟು, ಅದಕ್ಕಿಂತ ಒಂದು ರೂಪಾಯಿ ಹೆಚ್ಚಲ್ಲ ಎಂದು ಲೆಕ್ಕ ಹಾಕಿದಳು.

ಸುತ್ತಿನ ಕೊನೆಯ ನಿಮಿಷ ಬಂತು. ಅವಳು ಐನೂರ ಮೂವತ್ತು ಒತ್ತಿದಳು. ಅಂಕಿ ತಕ್ಷಣ ಮೂಡಿತು. ಯಾರೋ ಮೂವತ್ತೊಂದು ಎಂದರು. ಅವಳು ಮೂವತ್ಮೂರು. ರುದ್ರ ತಲೆಯೆತ್ತಿ ಅವಳ ಕಡೆ ನೋಡಿ ಮೂವತ್ತೈದು ಒತ್ತಿದ. ಅವಳು ಮೂವತ್ತೆಂಟು. ಒತ್ತಿದ್ದೆಲ್ಲ ಒತ್ತಿದ ಗಳಿಗೆಗೇ ಹೋಗುತ್ತಿತ್ತು. ರುದ್ರ ನಲವತ್ತು ಒತ್ತಿ ಅವಳನ್ನೇ ನೋಡುತ್ತ ನಿಂತ.

ಇನ್ನೂ ಹದಿನೈದು ಸೆಕೆಂಡು ಇತ್ತು. ಬೆರಳು ಒಂದು ಇಂಚು ಚಾಚಿದರೆ ಸಾಕು, ನಲವತ್ತೊಂದು. ಒಂದು ಲಾಟು ಸಿಕ್ಕರೆ ಮಾತು ಉಳಿಯುತ್ತದೆ, ಪಿನ್ ಉಳಿಯುತ್ತದೆ. ಆದರೆ ಆ ಹಸಿ ಹುಳ ಅವಳ ಉಗುರಿನಲ್ಲಿ ಇನ್ನೂ ಅಂಟಿಕೊಂಡಿತ್ತು. ಮತ್ತೆ ಎಳೆ ತುಂಡಾಗುತ್ತದೆ, ಮತ್ತೆ ವ್ಯಾಪಾರಿ ಲಡಿ ಬಿಡಿಸಿ ನೋಡುತ್ತಾನೆ. ಪಿನ್ ಉಳಿಸಿಕೊಳ್ಳುವುದು ಯಾತಕ್ಕೆ ಹಾಗಾದರೆ? ಅವಳು ಫೋನನ್ನು ಚೀಲಕ್ಕೆ ಹಾಕಿಕೊಂಡಳು. ಗೂಡು ರುದ್ರನಿಗೆ ಆಯಿತು, ರೈತನೂ ಒಪ್ಪಿದ. ಅವಳು ನೋಡಿಟ್ಟಿದ್ದ ಇನ್ನೆರಡು ಲಾಟುಗಳೂ ಅಷ್ಟರಲ್ಲಿ ಮುಗಿದಿದ್ದವು.

ಬಾಗಿಲಲ್ಲಿ ಚನ್ನಲಿಂಗಪ್ಪ ಆಟೋದಿಂದ ಇಳಿದು ಬರುತ್ತಿದ್ದ. ರುದ್ರ ಅವನಿಗೆ ಕೇಳುವಂತೆ ಹೇಳಿದ.

“ಅಣ್ಣ, ಇವತ್ತೂ ಬರಿಗೈಯೇ. ಒಸಿ ಬೇಗ ಓಡ್ತು ಫೋನು, ಆದ್ರೆ ಧೈರ್ಯ ಬರ್ಲಿಲ್ಲ. ಅತ್ತಿಗೆ, ಮಾತು ಮಾತೇ. ಪಿನ್ ಕೊಡಿ.”

ನಿನ್ನೆ ನಕ್ಕಿದ್ದವರೇ ಈಗಲೂ ಸುತ್ತ ನಿಂತಿದ್ದರು. ಕೊಟ್ಟ ಮಾತು ತಪ್ಪಿದವಳಲ್ಲ ವಿಮಲಮ್ಮ. ಸಂಜೆ ಶಾಲೆಗೆ ಒಂದು ದಿನ ತಡವಾಗಿ ಹೋದದ್ದನ್ನು ಇವತ್ತಿಗೂ ನೆನೆಸಿಕೊಂಡು ನಾಚುವವಳು.

“ಕೊಡಕಿಲ್ಲ,” ಎಂದಳು.

“ಏನು?”

“ಪಿನ್ ಕೊಡಕಿಲ್ಲ ರುದ್ರ. ನೆನ್ನೆವರ್ಗೂ ನಂಗೆ ಗೂಡು ತಪ್ಪೋಗ್ತಿತ್ತು. ಇವತ್ತು ತಪ್ಪೋಗ್ಲಿಲ್ಲ, ನಾನೇ ಬುಟ್ಟೆ. ಎರಡಕ್ಕೂ ವೆತ್ಯಾಸ ಐತೆ.”

“ನಮ್ ಕಣ್ಗೆ ಎರಡೂ ಬರಿಗೈಯೇ.”

“ನಿನ್ ಕಣ್ಗೆ. ನೀನು ಕೊಂಡಿದೀಯಲ್ಲ, ಅದರಲ್ಲಿ ಒಂದ್ನಾದ್ರೂ ಸೀಳಿ ನೋಡ್ದ್ಯಾ?” ಅವಳು ಉಗುರು ಮುಂದೆ ಚಾಚಿದಳು. “ಹಸಿ ಹುಳ. ನೀನು ಗೂಡು ನೋಡ್ಲಿಲ್ಲ, ನನ್ ಮುಖ ನೋಡ್ಕಂಡು ನಲವತ್ತು ಒತ್ದೆ.”

ಯಾರೋ ಕಿಸಕ್ಕೆಂದರು. ರುದ್ರ ಜಾಲರಿಯ ಕಡೆ ತಿರುಗಿ ಒಂದು ಗೂಡೆತ್ತಿ ಅಲುಗಾಡಿಸಿ, ಮತ್ತೊಂದನ್ನು ಅಲುಗಾಡಿಸಿ, ಕೆಳಗೆ ಹಾಕಿದ.

“ಅದು ಬೇರೆ ಮಾತು,” ಎಂದ. “ನೆನ್ನೆ ಅಣ್ಣನ ಮುಂದೆ ಒಪ್ಪಿದ್ರಲ್ಲ, ಅದಕ್ಕೇನಂತೀರಿ?”

“ಒಪ್ದೆ. ನನ್ ಕೈಲಿ ಆಗ್ತಿಲ್ಲ ಅನ್ಕಂಡು ಒಪ್ಪಿದ್ದು. ಫೋನು ಹಂಡೆ ಮೇಲೆ ಬೇಯ್ತಿತ್ತು, ಅದು ನಿಧಾನ ಮಾಡ್ತಿತ್ತು, ನಾನಲ್ಲ. ಸುಳ್ಳು ತಿಳ್ಕಂಡು ಕೊಟ್ಟ ಮಾತು ಅದು. ಕೊಟ್ಟೋಳೂ ನಾನೇ, ವಾಪಸ್ ಇಸ್ಕಳೋಳೂ ನಾನೇ. ತಪ್ಪು ಅಂದ್ರೆ ಅನ್ನಿ. ನಿನ್ ನೂರಿಪ್ಪತ್ತೂ ನಂಗೆ ಬ್ಯಾಡ. ನಾನು ಅರವತ್ತರಲ್ಲೇ ಕೂಗ್ತೀನಿ.”

ಇಷ್ಟು ಉದ್ದದ ಮಾತನ್ನು ಅವಳು ಈ ಚಾವಣಿಯ ಕೆಳಗೆ ಎಂದೂ ಆಡಿರಲಿಲ್ಲ. ಗಂಡನ ಮುಖವನ್ನು ನೋಡಲು ಹೆದರಿಕೆಯಾಗಿ ಗಡಿಯಾರ ನೋಡಿದಳು.

ಚನ್ನಲಿಂಗಪ್ಪ ತಲೆ ಕೆರೆದುಕೊಂಡು ತಮ್ಮನಿಗೆ ಹೇಳಿದ: “ಎರಡನೇ ಸುತ್ತು ಐತಲ್ಲೋ. ಆಟೋದೋನಿಗೆ ಒಸಿ ಕಾಯಕ್ಕೇಳ್ತೀನಿ.” ಹಾಗೆಂದು ಜನರಿಂದ ತಪ್ಪಿಸಿಕೊಂಡು ಹೊರಗೆ ನಡೆದ.

ಎರಡನೇ ಸುತ್ತಿಗೆ ಹದಿನಾರು ಲಾಟು ಉಳಿದಿದ್ದವು. ಮೊದಲ ಸುತ್ತಿನಲ್ಲಿ ಅವಳು ಕೈಯಾಡಿಸಿರದ ಒಂದು ಜಾಲರಿ ಮೂಲೆಯಲ್ಲಿತ್ತು. ಗೂಡು ಸಣ್ಣದು, ಬಣ್ಣ ಮಾಸಲು, ಹಾಗಾಗಿ ಹೆಚ್ಚು ಜನ ಹತ್ತಿರ ಹೋಗಿರಲಿಲ್ಲ. ಅಲುಗಾಡಿಸಿದಳು. ಎಲ್ಲವೂ ಕಾಳಿನ ಹಾಗೆ ಅಂದವು. ಒತ್ತಿದರೆ ಕಡಲೆಯಷ್ಟು ಗಟ್ಟಿ. ಮೊದಲ ಸುತ್ತಿನಲ್ಲಿ ಐನೂರ ಹತ್ತಕ್ಕೆ ರೈತ ಒಲ್ಲೆ ಎಂದಿದ್ದ.

ಅವಳು ಕೊನೆಯ ನಿಮಿಷಕ್ಕೆ ಕಾಯಲಿಲ್ಲ. ಆರಂಭದಲ್ಲೇ ಐನೂರ ಇಪ್ಪತ್ತು ಒತ್ತಿ ಜಾಲರಿಯ ಪಕ್ಕದಲ್ಲೇ ನಿಂತಳು. ಕೊನೆಗೆ ಯಾರೋ ಇಪ್ಪತ್ತೆರಡು ಎಂದರು. ಅವಳು ಇಪ್ಪತ್ತೈದು ಎಂದಳು. ಇಪ್ಪತ್ತಾರು ಬಂತು. ಐನೂರ ಮೂವತ್ತು ಒತ್ತಿದಳು. ಅಂಕಿ ಮೂಡಿತು, ಸುತ್ತು ಮುಗಿಯಿತು. ಪರದೆಯ ಮೇಲೆ ಅವಳ ಹೆಸರಿತ್ತು.

ಆ ಗೂಡಿನ ರೈತ ದೊಡ್ಡಆಲಹಳ್ಳಿಯ ಕೆಂಚಯ್ಯ, ಟವೆಲ್ಲು ತಲೆಗೆ ಸುತ್ತಿದ ಮುದುಕ, ತನ್ನ ಫೋನಿಗೆ ಬಂದ ಸಂದೇಶವನ್ನು ಯಾರಿಂದಲೋ ಓದಿಸಿಕೊಂಡು ಬಂದ.

“ಯಾರವ್ವ ವಿಮಲಮ್ಮ ಅಂದ್ರೆ? ನಿಮ್ ಯಜಮಾನ್ರೆಲ್ಲಿ?”

“ಆಟೋ ತಾವ ಅವ್ರೆ. ಕೂಗಿದ್ದು ನಾನು.”

“ಐನೂರ ನಲವತ್ತು ಮಾಡವ್ವ. ಮಳೇಲಿ ಒದ್ದಾಡಿ ಬೆಳ್ದಿರೋ ಗೂಡು.”

“ಗೂಡು ಚೆನ್ನಾಗೈತೆ ಅಂತ್ಲೇ ಮೂವತ್ತು ಅಂದಿದ್ದು ಕಣಜ್ಜ. ಬಣ್ಣ ನೋಡೋರು ಹತ್ತು ಅಂದಿದ್ರು. ಇದಕ್ಕಿಂತ ಆಗಕಿಲ್ಲ.”

ಮುದುಕ ಅವಳನ್ನೂ ಗೂಡನ್ನೂ ನೋಡಿದ. ಟವೆಲ್ಲು ಬಿಚ್ಚಿ ಮುಖ ಒರೆಸಿಕೊಂಡ. “ಗಟ್ಟಿಗಿತ್ತಿ ಕಣವ್ವ ನೀನು. ಆಯ್ತು, ತಗ,” ಎಂದು ಒಪ್ಪಿಗೆ ಕೊಡಲು ಕೌಂಟರಿನ ಕಡೆ ಹೋದ.

ತೂಕವಾಗಿ ಚೀಲಗಳು ಆಟೋ ಏರುವ ಹೊತ್ತಿಗೆ ರುದ್ರ ತನ್ನ ಗೂಡಿನ ಚೀಲಗಳ ಪಕ್ಕ ನಿಂತಿದ್ದ. ಬಾಯಿ ಕಟ್ಟಿದ ಚೀಲವೊಂದನ್ನು ಬಿಚ್ಚಿ ಮತ್ತೆ ಒಳಗೆ ಕೈಯಾಡಿಸುತ್ತಿದ್ದ.

“ಒಂದಿನ ಸಿಕ್ಬುಟ್ರೆ ಆಯ್ತಾ ಅತ್ತಿಗೆ,” ಎಂದ, ತಲೆಯೆತ್ತದೆ. “ನಾಳೆ?”

“ನಾಳೆನೂ ನಾನೇ ಬತ್ತೀನಿ,” ಎಂದಳು ವಿಮಲಮ್ಮ. “ನೀನೂ ಬಾ, ಬ್ಯಾಡ ಅಂದೋರ್ಯಾರು?”

ಆಟೋದ ಹಿಂದೆ ಹೆಚ್ಚು ಜಾಗವಿರಲಿಲ್ಲ. ಅವಳು ಎರಡು ಚೀಲದ ನಡುವೆ ಒರಗಿ ಕೂತು, ಗಂಡನಿಗೆ ಮುಂದೆ ಹತ್ತಲು ಹೇಳಿದಳು.